ರೆಫರಿಯ ಬಸ್ ಚಾರ್ಜು ಯಾರು ಕೊಡಬೇಕು?

ಊರಾಗ ಟೂರ್ನಮೆಂಟ್ ಅಂದ ಕೂಡಲೆ ಶೀಲ್ಡು ಕೊಡಲು ನಮ್ಮ ಅಂಗಡಿಕಾರರು ಹಿಂದೆ ಮುಂದೆ ನೋಡುವುದಿಲ್ಲ. ತಂದೆಯವರ ಸ್ಮರಣಾರ್ಥ ಒಂದು, ಅಂಗಡಿ ಹೆಸರಿನಲ್ಲಿ ಇನ್ನೊಂದು. ಪೆಂಡಾಲು, ಮೈಕು, ಶಾಲು, ಹಾರ ಎಲ್ಲಕ್ಕೂ ಪಟ್ಟಿ ಎತ್ತುತ್ತಾರೆ. ಬಿಸಿಲಾಗ ಸೀಟಿ ಹಿಡಿದು ಓಡುವ ರೆಫರಿಗೆ ಮಾತ್ರ ಅರ್ಧ ಕಪ್ ಚಹಾ, ಸೋತ ಕಡೆಯವರಿಂದ ಬೊಗಸೆ ತುಂಬ ಬೈಗುಳ.

ಇದೇನು ಸಣ್ಣ ಕೆಲಸವಲ್ಲ. ಫುಟ್‌ಬಾಲ್ ವಿಶ್ವಕಪ್ಪಿನ ಕೊನೆಯ ಸುತ್ತಿನಲ್ಲಿ ಭಾರತ ತಂಡ ಇವತ್ತಿಗೂ ಒಂದು ಪಂದ್ಯ ಆಡಿಲ್ಲ. ಆದರೆ 2002ರಲ್ಲಿ ಕೊರಿಯಾ-ಜಪಾನಿನ ಆ ಮೈದಾನಕ್ಕೆ ತಮಿಳುನಾಡಿನ ಕೆ. ಶಂಕರ್ ಇಳಿದಿದ್ದರು, ಗೆರೆಯ ಗುಂಟ ಬಾವುಟ ಹಿಡಿದು ಓಡುವ ಸಹಾಯಕ ರೆಫರಿಯಾಗಿ. ಹನ್ನೊಂದು ಮಂದಿ ಮುಟ್ಟಲಾರದ ಜಾಗವನ್ನು ಒಬ್ಬರು ಮುಟ್ಟಿ ಬಂದರು. ಇಲ್ಲಿ ಅವರ ಹೆಸರು ಕೇಳಿದವರೆಷ್ಟು ಮಂದಿ?

ಅಷ್ಟು ದೂರ ಯಾಕೆ? 1999ರ ಫೆಬ್ರವರಿ 7ರಂದು ದಿಲ್ಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ಟು ಕುಂಬ್ಳೆ ಕೆಡವಿದ್ದನ್ನು ಬಾದಾಮಿ ಬಸ್ಸಿನಲ್ಲಿ ಕೂತ ಯಾರನ್ನು ಕೇಳಿದರೂ ಹೇಳುತ್ತಾರೆ. ಆವತ್ತು ಆ ತುದಿಯಲ್ಲಿ ನಿಂತು ಬೆರಳೆತ್ತಿದ ಅಂಪೈರು ಎ.ವಿ. ಜಯಪ್ರಕಾಶ್ ಕೂಡ ಕರ್ನಾಟಕದವರೇ. ಅವರ ಹೆಸರು ಹೇಳುವವರು ಬಸ್ಸಿಗೊಬ್ಬರು ಸಿಕ್ಕರೆ ಪುಣ್ಯ.

ಇನ್ನು ನಮ್ಮ ಊರಿನ ಮಾತು. ಹುನಗುಂದದಲ್ಲಿ ಆಟ ನಡೆದು ಹುನಗುಂದದವನೇ ರೆಫರಿಯಾದರೆ, ಇಳಕಲ್ ತಂಡ ಸೋತ ಕೂಡಲೆ ‘ಅಂವಾ ನಿಮ್ಮಾಂವ’ ಅನ್ನುತ್ತದೆ. ಪೆನಾಲ್ಟಿ ಸರಿ ಇದ್ದರೂ ಜಗಳ ತಪ್ಪದು. ಬಾಗಲಕೋಟೆಯಿಂದಲೋ ಬಾದಾಮಿಯಿಂದಲೋ ಕರೆಸೋಣ ಅಂದರೆ ಬಸ್ ಚಾರ್ಜು, ಊಟ, ಒಂದು ದಿನದ ಪಗಾರ ಬೇಕು. ಪಟ್ಟಿಯಲ್ಲಿ ಅದೊಂದೇ ಇರುವುದಿಲ್ಲ. ಕೊನೆಗೆ ಸಾಲಿಯ ಪಿ.ಟಿ. ಮಾಸ್ತರರೇ ಗತಿ.

ದುಡ್ಡು ಕೊಡುವ ರೀತಿಯೂ ನೆಟ್ಟಗಿರಬೇಕು. 2002ರ ವಿಶ್ವಕಪ್ ಫೈನಲ್ ಆಡಿಸಿದ ಇಟಲಿಯ ಬೋಳುತಲೆಯ ಕೊಲಿನಾ 2005ರಲ್ಲಿ ಒಪೆಲ್ ಮೋಟಾರು ಕಂಪನಿಯ ಜಾಹೀರಾತಿಗೆ ಒಪ್ಪಿಕೊಂಡರು. ಅದೇ ಕಂಪನಿ ಮಿಲಾನ್ ತಂಡಕ್ಕೂ ದುಡ್ಡು ಸುರಿಯುತ್ತಿತ್ತು. ತಕರಾರು ಎದ್ದಿತು, ಜಗತ್ತಿನ ನಂಬರ್ ಒಂದು ರೆಫರಿ ರಾಜೀನಾಮೆ ಬರೆದರು. ಅವರು ಮೋಸ ಮಾಡಿದರೆಂದು ಯಾರೂ ಅಂದಿರಲಿಲ್ಲ. ಸಂಶಯಕ್ಕೆ ಜಾಗವಾಯಿತು, ಅಷ್ಟೇ ಸಾಕಾಯಿತು.

ಆದ್ದರಿಂದ ಸಾಹುಕಾರರಿಗೆ ಒಂದು ವಿನಂತಿ. ನಿಮ್ಮ ಓಣಿಯ ಹುಡುಗರೂ ಆಡುವಾಗ ರೆಫರಿಯ ಕಿಸೆಗೆ ನೀವೇ ನೋಟು ಇಡಬೇಡಿ. ಎರಡು ಶೀಲ್ಡಿನ ಬದಲು ಒಂದು ಕೊಡಿ. ಇನ್ನೊಂದರ ದುಡ್ಡು ಕಮಿಟಿಯ ಕೈಗೆ ಹೋಗಲಿ, ರಸೀದಿ ಆಗಲಿ, ಟಾಸ್ ಹಾಕುವ ಮೊದಲೇ ರೆಫರಿಗೆ ಮುಟ್ಟಲಿ. ಸಂಜೆ ಕಡೇ ಬಸ್ಸಿಗೆ ಆತನನ್ನು ಹತ್ತಿಸಿ ಬರಲು ಇಬ್ಬರು ಹುಡುಗರನ್ನೂ ಜೊತೆಗೆ ಕಳಿಸಿರಿ.