ಒಂದು ಲಕ್ಷದ ಗೆರೆ ಎಳೆದವರು ಹಾಲಿನ ಡೇರಿ ಮುಂದೆ ನಿಂತಿದ್ದಾರಾ?

ನಂದಗುಡಿ ಹೋಬಳಿಯ ಯಾವುದೇ ಹಳ್ಳಿಯ ಒಂದು ಮನೆ ತಗೊಳ್ಳಿ. ಎರಡು ಸೀಮೆಹಸು, ದಿನಕ್ಕೆ 10 ಲೀಟರ್ ಹಾಲು. ಲೀಟರಿಗೆ 30 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 1,09,500. ಬೂಸಾ, ಹಿಂಡಿ, ದನದ ಡಾಕ್ಟರು, ಹಾಲು ಬತ್ತಿದ ತಿಂಗಳು ಯಾವುದನ್ನೂ ಕಳೆದಿಲ್ಲ. ಈ ಅಂಕಿಯನ್ನು ನಿಯತ್ತಾಗಿ ಬರೆಸಿದರೆ ಆ ಮನೆಯ ಕುರುಬರ ಹುಡುಗನಿಗೆ ವಿದ್ಯಾಸಿರಿ ಇಲ್ಲ.

2013-14ರಲ್ಲಿ ಶುರುವಾದ ಯೋಜನೆ ಅದು. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗೆ ಊಟ, ವಸತಿಗೆಂದು ತಿಂಗಳಿಗೆ 1,500ರಂತೆ 10 ತಿಂಗಳು. ಒಳ್ಳೆಯ ಯೋಜನೆ, ಎರಡು ಮಾತಿಲ್ಲ. ಆದರೆ ಪ್ರವರ್ಗ-1ಕ್ಕೆ 2.5 ಲಕ್ಷವಿರುವ ಆದಾಯ ಮಿತಿ 2ಎ, 3ಎ, 3ಬಿಗೆ ಬರುವಷ್ಟರಲ್ಲಿ 1 ಲಕ್ಷಕ್ಕೆ ಇಳಿಯುತ್ತದೆ.

ಇದೇ ಸರ್ಕಾರ ಬಿಪಿಎಲ್ ಕಾರ್ಡಿಗೆ ಇಟ್ಟಿರುವ ಮಿತಿ 1.2 ಲಕ್ಷ. ಅಂದರೆ 1.1 ಲಕ್ಷದ ಮನೆ ಅಕ್ಕಿ ತಗೊಳ್ಳುವಾಗ ಬಡವರ ಮನೆ, ಮಗನನ್ನು ಓದಿಸುವಾಗ ಸಾಹುಕಾರರ ಮನೆ! 2022-23ರಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 309. ಆ ದರದಲ್ಲಿ ಗಂಡ ಹೆಂಡತಿ ಇಬ್ಬರೂ ವರ್ಷಕ್ಕೆ 162 ದಿನ ಕೂಲಿಗೆ ಹೋದರೆ ಸಾಕು, ಗೆರೆ ದಾಟಿತು. ಮೇಲ್ಜಾತಿಗಳ ‘ಆರ್ಥಿಕ ದುರ್ಬಲ’ರ ಮೀಸಲಾತಿಗೆ ಮಿತಿ ಎಷ್ಟು? 8 ಲಕ್ಷ. ಸುಪ್ರೀಂ ಕೋರ್ಟು 2022ರ ನವೆಂಬರಿನಲ್ಲಿ ಆ ಮೀಸಲಾತಿಯನ್ನು ಎತ್ತಿಹಿಡಿಯಿತು. ಒಂದು ಕೇಂದ್ರದ ಮೀಸಲಾತಿ, ಇನ್ನೊಂದು ರಾಜ್ಯದ ಸಹಾಯಧನ, ಹೋಲಿಸಬಾರದು ಎನ್ನುತ್ತಾರೆ. ಬಡತನದ ಅಳತೆಗೋಲು ಎಂಟು ಪಟ್ಟು ಉದ್ದವಾಗುವುದಕ್ಕೆ ಅದು ಉತ್ತರವೇ?

ಹಾಗಾದರೆ 1 ಲಕ್ಷದ ಗೆರೆ ಯಾರನ್ನು ತಡೆಯುತ್ತಿದೆ? ಉಳ್ಳವರನ್ನಂತೂ ಅಲ್ಲ. ಆದಾಯ ಪ್ರಮಾಣಪತ್ರಕ್ಕೆ ಹೋದ ತಂದೆಯನ್ನು ‘ಎಷ್ಟು ಅಂತ ಬರೀಲಿ?’ ಎಂದು ಕೇಳಿದ್ದನ್ನು ನಾನೇ ಕಂಡಿದ್ದೇನೆ. ಯಾವ ಕಚೇರಿ ಅಂತ ಬೇಡ. ಆತ ತಬ್ಬಿಬ್ಬಾಗಿ ನಿಂತ. ಹಿಂದೆ ಇದ್ದವರು ‘ತೊಂಬತ್ತು ಅನ್ನಪ್ಪ, ತೊಂಬತ್ತು’ ಎಂದು ಪಿಸುಗುಟ್ಟಿದರು. ಮಗನ ಓದಿಗೆ ಮೊದಲ ಮೆಟ್ಟಿಲು ಅಪ್ಪನ ಸುಳ್ಳು. ಸುಳ್ಳು ಹೇಳಲು ಬಾರದವನ ಮಗ ಸಂಜೆ ಕಾಲೇಜು ಬಿಟ್ಟ ಮೇಲೆ ಹೊಸಕೋಟೆಯ ಬಿರಿಯಾನಿ ಹೋಟೆಲಿನಲ್ಲಿ ಪ್ಲೇಟು ಎತ್ತುತ್ತಾನೆ.

ಇನ್ನು ದುಡ್ಡು ಸಿಕ್ಕವರ ಪಾಡು. 1,500 ಹತ್ತು ವರ್ಷ ಹಾಗೇ ಇತ್ತು. 2022ರಲ್ಲಿ ಸಿಲಿಂಡರೊಂದೇ ಸಾವಿರ ದಾಟಿತ್ತು. ಊಟಕ್ಕೆ ಅಂತ ಕೊಡುವ ದುಡ್ಡು ಊಟದ ಹೊತ್ತಿಗೂ ಬರುವುದಿಲ್ಲ. ನನಗೆ ಗೊತ್ತಿರುವ ಹುಡುಗರಿಗೆ ಅದು ಜಮೆಯಾಗುವ ಹೊತ್ತಿಗೆ ಪರೀಕ್ಷೆಯೇ ಹತ್ತಿರ ಬಂದಿರುತ್ತದೆ. ಅಲ್ಲಿಯವರೆಗೆ ರೂಮಿನ ಬಾಡಿಗೆ ಕೈಸಾಲ.

ಸಾಲ ಕೊಡುತ್ತೀವಲ್ಲ ಎನ್ನಬಹುದು. ಅರಿವು ಯೋಜನೆಯ ಶೇ 2ರ ಬಡ್ಡಿಯ ಸಾಲ ಸಿಇಟಿ, ನೀಟ್ ಬರೆದು ಎಂಜಿನಿಯರಿಂಗ್, ಮೆಡಿಕಲ್‌ನಂಥ ವೃತ್ತಿಪರ ಕೋರ್ಸು ಸೇರಿದವರಿಗೆ. ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿಎ, ಬಿಕಾಂ ಓದುವವರು ಆ ಬಾಗಿಲು ತಟ್ಟುವ ಹಾಗೂ ಇಲ್ಲ. ನಮ್ಮ ಹೋಬಳಿಯಿಂದ ಬಸ್ಸು ಹತ್ತುವ ಹುಡುಗರು ಹೆಚ್ಚಾಗಿ ಇವರೇ.

ಕೇಳುವುದು ದೊಡ್ಡದೇನಲ್ಲ. ಪ್ರವರ್ಗ-1ಕ್ಕಿರುವ 2.5 ಲಕ್ಷ ಎಲ್ಲ ಹಿಂದುಳಿದ ಪ್ರವರ್ಗಗಳಿಗೂ ಇರಲಿ. ಹಣ ತಿಂಗಳು ತಿಂಗಳು, ಬಾಡಿಗೆ ಕಟ್ಟುವ ತಾರೀಖಿನೊಳಗೆ ಬರಲಿ. ಓಟು ಕೇಳಲು ನಂದಗುಡಿಗೆ ಬರುವವರನ್ನು ಡೇರಿ ಹತ್ತಿರವೇ ನಿಲ್ಲಿಸಿ, ಆ 10 ಲೀಟರಿನ ಲೆಕ್ಕ ಹೇಳಿಸಿ.