ಇಳಿದು ನೋಡಿದ ಲಂಡನ್

ಲಂಡನ್ನಿನಲ್ಲಿ ಪ್ರವಾಸಿಗರಿಗಾಗಿ ಮೇಲ್ಛಾವಣಿಯಿಲ್ಲದ ಎರಡಂತಸ್ತಿನ ಬಸ್ಸುಗಳಿವೆ. ಒಂದೇ ಟಿಕೇಟಿನಲ್ಲಿ ದಿನವಿಡೀ ಬೇಕಾದಲ್ಲಿ ಇಳಿದು, ಹಿಂದೆ ಬರುವ ಬಸ್ಸನ್ನು ಏರಬಹುದು. ಏಳೆಂಟು ಕಡೆ ಇಳಿಯುವ ಆಸೆಯಿಂದ ತಾಯಿಯವರೊಡನೆ ಹೊರಟ ನಾವು ಇಳಿದದ್ದು ಟವರ್ ಕೋಟೆಯೊಂದರಲ್ಲೇ. ಅಲ್ಲಿ ಕಿರೀಟಗಳ ಮುಂದೆ ಕಾಲಡಿಯ ಪಟ್ಟಿಯೇ ಚಲಿಸುತ್ತದೆ, ನಿಲ್ಲಗೊಡದು. ಕೊಹಿನೂರನ್ನು ಕಣ್ತುಂಬ ಕಾಣಲು ಮೂರು ಬಾರಿ ಸುತ್ತಿ ಬಂದೆವು. 1849ರಲ್ಲಿ ಪಂಜಾಬಿನ ಅರಸ, ಹತ್ತು ವರ್ಷದ ದುಲೀಪ್ ಸಿಂಗನಿಂದ ಈಸ್ಟ್ ಇಂಡಿಯಾ ಕಂಪನಿಯು ಒಪ್ಪಂದದ ಹೆಸರಿನಲ್ಲಿ ಪಡೆದ ವಜ್ರವಿದು.

“ಆ ಮಗುವಿನ ತಾಯಿ ಆಗ ಎಲ್ಲಿದ್ದಳಪ್ಪಾ?” ಎಂದರು ತಾಯಿಯವರು.

ಕಂಪನಿಯ ಸೆರೆಯಲ್ಲಿ. ರಾಣಿ ಜಿಂದಾನ್ ಮಗನನ್ನು ಮತ್ತೆ ಕಂಡದ್ದು 1861ರಲ್ಲಿ. 1863ರಲ್ಲಿ ಇದೇ ನಗರದ ಕೆನ್ಸಿಂಗ್ಟನ್ನಿನಲ್ಲಿ ತೀರಿಕೊಂಡರು. ಸಂಜೆ ನಮ್ಮ ಬಸ್ಸು ಆ ಬಡಾವಣೆಯನ್ನು ಹಾದುಹೋಯಿತು. ಕಿವಿಗಿಟ್ಟುಕೊಂಡಿದ್ದ ವಿವರಣೆಯಲ್ಲಿ ಅವರ ಹೆಸರು ಬರಲಿಲ್ಲ.