ವಿದ್ವಾಂಸರ ಸಂಗ್ರಹ: ಕ್ರೆಸ್‌ವೆಲ್ ನಿದರ್ಶನ

ವಿದ್ವಾಂಸನ ಹೆಸರು ಅವನ ಗ್ರಂಥಗಳಿಂದ ಉಳಿಯುತ್ತದೆ ಎಂಬುದು ನಮ್ಮ ವಿದ್ವತ್ ವಲಯದ ರೂಢಿಯ ನಂಬಿಕೆ. ಆ ಗ್ರಂಥಗಳ ಹಿಂದಿರುವ ಛಾಯಾಚಿತ್ರ, ನಕ್ಷೆ, ಟಿಪ್ಪಣಿಗಳನ್ನು ನಾವು ಅಷ್ಟಾಗಿ ಗಣಿಸುವುದಿಲ್ಲ. ಇಸ್ಲಾಮೀ ವಾಸ್ತುಶಿಲ್ಪದ ಅಧ್ಯಯನಕ್ಕೆ ಭದ್ರ ತಳಹದಿ ಹಾಕಿದ ಕೆ.ಎ.ಸಿ. ಕ್ರೆಸ್‌ವೆಲ್ (1879-1974) ಅವರ ಸಂಗ್ರಹದ ಚರಿತ್ರೆ ಈ ಧೋರಣೆಯನ್ನು ಮರುಪರಿಶೀಲಿಸುವಂತೆ ಮಾಡುತ್ತದೆ.

ಮೊದಲ ಮಹಾಯುದ್ಧದ ಕಾಲದಲ್ಲಿ ಸೈನಿಕ ಸೇವೆಯ ನಿಮಿತ್ತ ಈಜಿಪ್ಟಿಗೆ ಬಂದ ಈ ಆಂಗ್ಲ ವಿದ್ವಾಂಸರು ತಮ್ಮ ಜೀವಮಾನದ ಬಹುಭಾಗವನ್ನು ಕೈರೋದಲ್ಲಿಯೇ ಕಳೆದರು. ‘ಅರ್ಲಿ ಮುಸ್ಲಿಂ ಆರ್ಕಿಟೆಕ್ಚರ್’ (1932, 1940), ‘ದಿ ಮುಸ್ಲಿಂ ಆರ್ಕಿಟೆಕ್ಚರ್ ಆಫ್ ಈಜಿಪ್ಟ್’ (1952, 1959) ಎಂಬ ಬೃಹತ್ ಸಂಪುಟಗಳು ಅವರ ಅಳತೆ, ನಕ್ಷೆ ಮತ್ತು ಛಾಯಾಗ್ರಹಣದ ಫಲ. 1956ರ ಸೂಯೆಜ್ ಬಿಕ್ಕಟ್ಟಿನ ಸಂದರ್ಭದಲ್ಲಿ ಅವರ ಗ್ರಂಥಭಂಡಾರ ಕೈರೋದ ಅಮೆರಿಕನ್ ವಿಶ್ವವಿದ್ಯಾಲಯವನ್ನು ಸೇರಿತು. ಛಾಯಾಚಿತ್ರಗಳ ನೆಗೆಟಿವ್‌ಗಳು ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯಕ್ಕೆ ಸಂದವು. ಮುದ್ರಿತ ಪ್ರತಿಗಳು ಲಂಡನ್, ಹಾರ್ವರ್ಡ್, ಫ್ಲಾರೆನ್ಸ್‌ಗಳ ಸಂಸ್ಥೆಗಳಲ್ಲಿಯೂ ಇವೆ.

ಈ ಸಂಗ್ರಹದ ಮಹತ್ವ ಎರಡು ಬಗೆಯದು. ಮೊದಲನೆಯದು, ಅದು ಗ್ರಂಥದ ಎಲ್ಲೆಯನ್ನು ಮೀರಿದ್ದು. ಈಜಿಪ್ಟಿನ ಕುರಿತ ಅವರ ಪ್ರಕಟಿತ ಸಂಪುಟಗಳು 1326ಕ್ಕೆ ನಿಂತುಹೋಗುತ್ತವೆ. ಅವರ ಚಿತ್ರಗಳಾದರೋ ಆ ಬಳಿಕ ಕಟ್ಟಿದ ಸುಲ್ತಾನ್ ಹಸನ್ ಮಸೀದಿಯಂತಹ ಕಟ್ಟಡಗಳನ್ನೂ ಒಳಗೊಂಡಿವೆ. ಎರಡನೆಯದು, ಕಟ್ಟಡಗಳು ಶಾಶ್ವತವಲ್ಲ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ನಿರ್ಮಾಣಗೊಂಡ ಅಲೆಪ್ಪೊ ಮಹಾಮಸೀದಿಯ ಮಿನಾರು 2013ರ ಏಪ್ರಿಲ್‌ನಲ್ಲಿ ಯುದ್ಧದ ನಡುವೆ ನೆಲಕ್ಕುರುಳಿತು. ಅಂತಹ ಕಡೆ ಹಳೆಯ ಚಿತ್ರ, ಅಳತೆಗಳೇ ಮೂಲ ಆಕರಗಳಾಗುತ್ತವೆ. ಗ್ರಂಥ ತೀರ್ಮಾನವನ್ನು ಹೇಳುತ್ತದೆ. ಆ ತೀರ್ಮಾನವನ್ನು ಪರೀಕ್ಷಿಸುವ ಅವಕಾಶವನ್ನು ಸಂಗ್ರಹ ಕೊಡುತ್ತದೆ.

ಹಾಗೆಂದು ಸಂಗ್ರಹವನ್ನು ಪೂಜಾವಸ್ತುವಾಗಿಸುವುದು ಸಲ್ಲದು. ಪ್ರತಿಯೊಂದು ಸಂಗ್ರಹವೂ ಸಂಗ್ರಾಹಕನ ದೃಷ್ಟಿಯ ಮಿತಿಯನ್ನು ಹೊತ್ತಿರುತ್ತದೆ. ಕಾಲನಿರ್ಣಯ ಹಾಗೂ ರಚನಾಕ್ರಮಗಳೇ ಕ್ರೆಸ್‌ವೆಲ್‌ರ ಮುಖ್ಯ ಆಸಕ್ತಿ. ಕಟ್ಟಡವನ್ನು ಬಳಸಿದ ಜನಜೀವನ ಅವರ ಬರೆಹದಲ್ಲಿ ಹಿಂದೆ ಸರಿಯುತ್ತದೆ. ಆದರೆ ಆ ಮಿತಿಯನ್ನು ಗುರುತಿಸುವುದಕ್ಕೂ ಸಂಗ್ರಹ ಉಳಿದಿರಬೇಕಷ್ಟೆ.

ಈ ಮಾತು ಕನ್ನಡ ಸಂಶೋಧನೆಗೆ ಹೊರಗಿನದಲ್ಲ. ವಿಜಾಪುರದ ಸ್ಮಾರಕಗಳನ್ನು ಕುರಿತ ಹೆನ್ರಿ ಕಸಿನ್ಸ್‌ರ ಗ್ರಂಥ (1916), ಅಲ್ಲಿನ ಶಾಸನಗಳನ್ನು ಕುರಿತ ನಜೀಮರ ಗ್ರಂಥ (1936) ಇಂದಿಗೂ ನಮಗೆ ಆಧಾರ. ವಿಜಾಪುರ, ಬೀದರ, ಕಲಬುರಗಿಗಳ ಅಧ್ಯಯನಕ್ಕೆ ಪಾರಸಿ, ದಖನಿ, ಕನ್ನಡ ಆಕರಗಳನ್ನು ಒಟ್ಟಿಗಿರಿಸಿ ನೋಡಬೇಕು. ಒಬ್ಬ ಸಂಶೋಧಕ ಇಂತಹ ಸಾಮಗ್ರಿಯನ್ನು ಕೂಡಿಸಲು ದಶಕಗಳೇ ಬೇಕು. ಚದುರಿಹೋಗಲು ಒಂದು ಮನೆ ಬದಲಾವಣೆ ಸಾಕು. ಗ್ರಂಥಾಲಯಗಳು ಮುದ್ರಿತ ಪುಸ್ತಕಗಳನ್ನು ಆಯ್ದುಕೊಂಡು ಕಾರ್ಡು, ಪಡಿಯಚ್ಚು, ಧ್ವನಿಮುದ್ರಣ, ಪತ್ರಗಳನ್ನು ಬಿಟ್ಟುಬಿಟ್ಟರೆ ತಿರುಳು ಹೋಗಿ ಸಿಪ್ಪೆ ಉಳಿದಂತೆ.

ಸ್ಥಳ, ಹಣ, ಸಿಬ್ಬಂದಿಗಳ ಅಭಾವವನ್ನು ಮುಂದೊಡ್ಡುವುದು ಸಹಜ. ಅದು ಸುಳ್ಳೂ ಅಲ್ಲ. ಆದರೂ ಮೂರು ಕೆಲಸಗಳು ನಮ್ಮ ವಿಭಾಗಗಳ ಅಳವಿನಲ್ಲಿಯೇ ಇವೆ. ವಿದ್ವಾಂಸರು ಬದುಕಿರುವಾಗಲೇ, ಅವರ ನೆರವಿನಿಂದಲೇ, ಸಂಗ್ರಹದ ಪಟ್ಟಿ ಸಿದ್ಧವಾಗಬೇಕು. ಯಾವ ಚಿತ್ರ ಯಾವ ಊರಿನದೆಂದು ಹೇಳಬಲ್ಲವರು ಅವರೊಬ್ಬರೇ. ಅವರು ಇರಿಸಿದ ಅನುಕ್ರಮವನ್ನು ಕೆಡಿಸಬಾರದು. ಟಿಪ್ಪಣಿಗಳ ನೆರೆಹೊರೆಯೂ ಅರ್ಥವನ್ನು ಹೇಳುತ್ತದೆ. ಪ್ರತಿಗಳು ಒಂದಕ್ಕಿಂತ ಹೆಚ್ಚು ಕಡೆ ಇರಬೇಕು. ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಇಂತಹ ಪಟ್ಟಿಯ ಸಿದ್ಧತೆಯನ್ನೇ ಸಂಶೋಧನ ತರಬೇತಿಯ ಭಾಗವಾಗಿಸಬಹುದು.

ನಿವೃತ್ತರನ್ನು ಅಭಿನಂದನ ಗ್ರಂಥದಿಂದ ಗೌರವಿಸುವ ಪರಂಪರೆ ನಮ್ಮಲ್ಲಿದೆ. ಅದರೊಂದಿಗೆ ಅವರ ಸಂಗ್ರಹದ ಸೂಚಿಯೊಂದನ್ನೂ ಪ್ರಕಟಿಸಿದರೆ ಗೌರವ ಅವರಿಗೂ ಸಲ್ಲುತ್ತದೆ, ಪ್ರಯೋಜನ ಮುಂದಿನ ಸಂಶೋಧಕರಿಗೂ ದೊರೆಯುತ್ತದೆ.